ಬೆಕ್ಕಿನ ತೊಡೆಮೂಳೆಗೆ ಪಿನ್ ಮತ್ತು ಎಂ-ಸೀಲ್: ಬಳ್ಳಾರಿಯಲ್ಲಿ ನನ್ನ ಅನುಭವ

ತೊಡೆಮೂಳೆ ಮುರಿದ ಬೆಕ್ಕು ಬಂದರೆ ನಮ್ಮ ಬಳ್ಳಾರಿ ಕಡೆ ಎರಡೇ ಮಾತು: ಕಾಲು ತೆಗೆಸಿ, ಇಲ್ಲಾಂದ್ರೆ ಬೆಂಗಳೂರಿಗೆ ಒಯ್ಯಿರಿ. ಮೂಳೆಯ ಒಳಗೆ ಪಿನ್ (ಉಕ್ಕಿನ ಸರಳು), ಹೊರಗೆ ಎಂ-ಸೀಲ್ (ಕಲಸಿ ಹಚ್ಚಿದರೆ ಗಟ್ಟಿಯಾಗುವ ಎಪಾಕ್ಸಿ ಅಂಟು) ಪಟ್ಟಿ ಕಟ್ಟಿ ನಿಲ್ಲಿಸುತ್ತೇನೆ ಅಂದಾಗ ಜೊತೆಯ ಪಶುವೈದ್ಯರು ನಂಬಲಿಲ್ಲ. ಈಗ ಅವರೇ ಬೆಕ್ಕುಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ತೊಡೆಗೆ ಪ್ಲಾಸ್ಟರ್ ನಿಲ್ಲುವುದಿಲ್ಲ. ಜಾರಿ ಬಂದು, ಅದರ ಅಂಚು ಮುರಿದ ಜಾಗದಲ್ಲೇ ಕೂತು ಮೂಳೆಯನ್ನು ಇನ್ನಷ್ಟು ಅಲುಗಿಸುತ್ತದೆ. ಬರೀ ಪಿನ್ ಕೂಡ ಸಾಲದು. ಬೆಕ್ಕಿನ ತೊಡೆಮೂಳೆ ನಾಯಿಯದಕ್ಕಿಂತ ನೆಟ್ಟಗಿರುವುದರಿಂದ ಪಿನ್ ಸಲೀಸಾಗಿ ಇಳಿಯುತ್ತದೆ, ನಿಜ. ಆದರೆ ಅಡ್ಡ ಮುರಿತದಲ್ಲಿ ಮೂಳೆ ಪಿನ್ನಿನ ಸುತ್ತ ತಿರುಗುತ್ತದೆ. ಕೌಲ್ ಬಜಾರಿನ ಒಂದು ಗಂಡುಬೆಕ್ಕಿಗೆ ಹತ್ತು-ಹನ್ನೆರಡು ದಿನದಲ್ಲೇ ಪಿನ್ ಮೇಲಕ್ಕೆ ಸರಿದು, ಸೊಂಟದ ಚರ್ಮದಡಿ ಬುಗುಟೆ ಎದ್ದಿತ್ತು. ಪಾದ ಒಂದು ಕಡೆ ತಿರುಗಿ ನಿಂತಿತ್ತು. ಮತ್ತೆ ತೆರೆದೆವು. ಎರಡನೇ ಸಲದ ಖರ್ಚು, ಸುಮಾರು 3 ಸಾವಿರ, ನಾನೇ ಹಾಕಿಕೊಂಡೆ. ಮನೆಯವರ ಹತ್ತಿರ ಹೇಗೆ ಕೇಳುವುದು?

ಈಗ 2 ಮಿ.ಮೀ. ಆಸುಪಾಸಿನ ಪಿನ್ನನ್ನು ಟ್ರೋಕ್ಯಾಂಟರ್ (ತೊಡೆಮೂಳೆಯ ಮೇಲ್ತುದಿಯ ಉಬ್ಬು) ಕಡೆಯಿಂದಲೇ ಇಳಿಸುತ್ತೇನೆ. ಕಾಲಿಗೆ ಹೋಗುವ ಸಯಾಟಿಕ್ ನರಕ್ಕೆ ತಾಗುವ ಭಯ ಅರ್ಧ ಕಡಿಮೆ. ತೊಡೆಯ ಹೊರಮೈಯಿಂದ ಮುರಿತದ ಮೇಲೊಂದು, ಕೆಳಗೊಂದು ಕೆ-ವೈರ್ (ಮೂಳೆಗೆ ಚುಚ್ಚುವ ತೆಳು ಉಕ್ಕಿನ ತಂತಿ). ಪಿನ್ನಿನ ತುದಿಯನ್ನು ಚರ್ಮದ ಹೊರಗೆ ಬಾಗಿಸಿ, ಮೂರನ್ನೂ ಎಂ-ಸೀಲಿನಿಂದ ಒಂದೇ ಪಟ್ಟಿಯಾಗಿ ಬೆಸೆಯುತ್ತೇನೆ. ಚರ್ಮದಿಂದ 1 ಸೆಂ.ಮೀ. ದೂರ ಇರಲಿ, ನಡುವೆ ಒದ್ದೆ ಗಾಜ್ ಇಡಿ. ಗಟ್ಟಿಯಾಗುವಾಗ ಎಂ-ಸೀಲಿನ ಬಿಸಿ ಗ್ಲೌಸಿಗೂ ತಾಗುತ್ತದೆ. ತುದಿ ಬಾಗಿಸುವಾಗ ಮೂಳೆ ಅಲುಗದಂತೆ ಹಿಡಿಯುವ ಒಂದು ಉಪಾಯ ಇದೆ, ಅದನ್ನು ಬರೆಯುವುದಿಲ್ಲ. ಆಪರೇಷನ್ ದಿನ ಬಂದು ಪಕ್ಕದಲ್ಲಿ ನಿಂತು ನೋಡಿ.

ಎಂ-ಸೀಲಿನ ಬದಲು ಪಿನ್ನುಗಳನ್ನು ಹೊರಗಿನಿಂದ ಹಿಡಿಯುವ ಲೋಹದ ಕ್ಲ್ಯಾಂಪ್ ಸೆಟ್ಟಿಗೆ ಸಾವಿರಗಟ್ಟಲೆ ಬೇಕು, 3 ಕೆಜಿ ಬೆಕ್ಕಿಗೆ ಭಾರವೂ ಜಾಸ್ತಿ. ನನ್ನ ಪಿನ್, ವೈರ್, ಎಂ-ಸೀಲ್ ಎಲ್ಲಾ ಸೇರಿ 500ರ ಒಳಗೆ. ಅನಸ್ತೀಶಿಯಾ, ಎಕ್ಸ್-ರೇ ಸೇರಿಸಿ 5-6 ಸಾವಿರ ತಗೊಳ್ಳುತ್ತೇನೆ. ಮಾಳಿಗೆಯಿಂದ ಬಿದ್ದ ಬೆಕ್ಕಾದರೆ ಎದೆಯ ಎಕ್ಸ್-ರೇ ಬಿಡಬೇಡಿ. ಉಸಿರು ಸರಿಹೋಗುವ ತನಕ ಒಂದೆರಡು ದಿನ ಕಾಯಿರಿ, ಮೂಳೆ ಎಲ್ಲೂ ಓಡಿಹೋಗುವುದಿಲ್ಲ.

ನಡುವೆ ಎಂ-ಸೀಲಿನ ಬದಲು ಡ್ರಿಪ್ ಟ್ಯೂಬಿನೊಳಗೆ ಹಲ್ಲಿನ ಡಾಕ್ಟರ ಅಕ್ರಿಲಿಕ್ ಸುರಿದೂ ನೋಡಿದೆ. ಪಟ್ಟಿ ಅಂದವಾಗಿ ಬಂತು. ಆದರೆ ಮೇ ತಿಂಗಳ ನಮ್ಮ ಬಿಸಿಲಿಗೆ ಅರ್ಧ ಸುರಿಯುವಷ್ಟರಲ್ಲೇ ಗಟ್ಟಿ. ಅಕ್ರಿಲಿಕ್ ಕಲಸುವ ದ್ರವವನ್ನು ಫ್ರಿಜ್‌ನಲ್ಲಿಟ್ಟರೆ ಸ್ವಲ್ಪ ಸಮಯ ಸಿಗುತ್ತದೆ.

ಹೆಚ್ಚಿನ ಬೆಕ್ಕುಗಳು ಮೂರ್ನಾಲ್ಕು ದಿನಕ್ಕೇ ಕಾಲೂರುತ್ತವೆ. ಆರೇಳು ವಾರಕ್ಕೆ ಎಕ್ಸ್-ರೇ ನೋಡಿ ಬಿಚ್ಚುತ್ತೇನೆ, ಮರಿಗಳಿಗೆ ಇನ್ನೂ ಬೇಗ. ಮೊಣಕಾಲ ಕೆಳಗಿನ ಮೂಳೆಗೂ ಇದನ್ನೇ ಶುರು ಮಾಡಿದ್ದೇನೆ. ಅಲ್ಲಿ ಮಾತ್ರ ಮುರಿದ ಜಾಗದಿಂದ ಪಿನ್ನನ್ನು ಮೇಲಕ್ಕೆ ಹೊಡೆಯಬೇಡಿ, ಮಂಡಿಯ ಕೀಲಿನೊಳಗೇ ಹೊರಡುತ್ತದೆ.