ಟೊರೊಂಟೊದಿಂದ ಬಜ್ಪೆಗೆ ಎಷ್ಟು ಹೊತ್ತು?

ಟೊರೊಂಟೊಗೆ ಹೊಸದಾಗಿ ಬಂದ ಕರಾವಳಿಯವರು ಮೊದಲ ಚಳಿಗಾಲ ಮುಗಿಯುವುದರೊಳಗೆ ಊರಿನ ದಾರಿಯನ್ನು ಮೊಬೈಲಿನಲ್ಲಿ ಹುಡುಕತೊಡಗುತ್ತಾರೆ. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಗೆ ಆಕಾಶಮಾರ್ಗವಾಗಿ ಸುಮಾರು 13,200 ಕಿ.ಮೀ., ಹದಿನೈದು ಗಂಟೆ ಎಂಬ ಉತ್ತರ ಸಿಗುತ್ತದೆ. ದೂರ ಸರಿ. ಆದರೆ ಗಂಟೆಯ ಲೆಕ್ಕ ದೂರವನ್ನು ವೇಗದಿಂದ ಭಾಗಿಸಿ ಬಂದದ್ದು, ಅಲ್ಲಿಗೆ ನೇರ ವಿಮಾನವೇ ಇಲ್ಲ. ಆ ನಿಲ್ದಾಣದ, ಕೆಂಜಾರಿನ ಗುಡ್ಡದ ಮೇಲಿನ ರನ್‌ವೇ ಸುಮಾರು 2,450 ಮೀಟರ್ ಉದ್ದದ್ದು; ಖಂಡಾಂತರದ ದೊಡ್ಡ ವಿಮಾನಗಳು ಅಲ್ಲಿಗೆ ಬರುವುದಿಲ್ಲ. ಮನೆಯಿಂದ ಮನೆಗೆ ಇಪ್ಪತ್ತಾರರಿಂದ ಮೂವತ್ತು ಗಂಟೆ ಎಂದುಕೊಂಡೇ ಹೊರಡಿ.

ಯಾವ ದಾರಿ ಹತ್ತಿರ ಎಂದು ತಲೆ ಕೆಡಿಸಿಕೊಳ್ಳಬೇಡಿ. ದುಬೈ ಮೂಲಕ ಹೋದರೆ 11,100 ಮತ್ತು 2,460, ಒಟ್ಟು 13,560 ಕಿ.ಮೀ. ಲಂಡನ್, ಬೆಂಗಳೂರು ದಾರಿಯಲ್ಲಿ 14,000 ದಾಟುತ್ತದೆ. ಎರಡರ ನಡುವಿನ ಅಂತರ ಮುಕ್ಕಾಲು ಗಂಟೆಯ ಹಾರಾಟವೂ ಅಲ್ಲ. ಹೊತ್ತು ಹೋಗುವುದೆಲ್ಲ ನಡುವೆ ಕಾಯುವುದರಲ್ಲಿ.

ಅದರಲ್ಲೂ ಕೊನೆಯ ತುಂಡು. ಬೆಂಗಳೂರಿನಿಂದ ಮಂಗಳೂರಿಗೆ ಒಂದು ಗಂಟೆಯ ಹಾರಾಟವಷ್ಟೇ, ಆದರೆ ಅದಕ್ಕೆ ಮೊದಲು ವಲಸೆ ತಪಾಸಣೆಯ ಸಾಲು, ನಂತರ ಪೆಟ್ಟಿಗೆ ಎತ್ತಿಕೊಂಡು ಕಸ್ಟಮ್ಸ್ ದಾಟಿ ಅದನ್ನು ಮತ್ತೆ ಒಪ್ಪಿಸುವ ಕೆಲಸ. ಮೂರು ಗಂಟೆಗಿಂತ ಕಡಿಮೆ ಬಿಡುವು ಇಟ್ಟುಕೊಳ್ಳಬೇಡಿ. ಮಕ್ಕಳಿದ್ದರೆ ನಾನು ನಾಲ್ಕು ಎನ್ನುತ್ತೇನೆ. ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಮಾಡಿಸಿ. ದೇಶದೊಳಗಿನ ಹಾರಾಟಕ್ಕೆ ಬೇರೆ ಟಿಕೆಟ್ ಕೊಂಡರೆ ಸಾಮಾನ್ಯವಾಗಿ 15 ಕಿಲೋ ಸಾಮಾನಿಗಷ್ಟೇ ಅವಕಾಶ. ಟೊರೊಂಟೊದಿಂದ 23 ಕಿಲೋದ ಎರಡು ಪೆಟ್ಟಿಗೆ ಹೊತ್ತು ತಂದವರು ಅಲ್ಲಿ ತೆರುವ ಹಣದಲ್ಲಿ ಅಗ್ಗದ ಟಿಕೆಟ್ಟಿನ ಉಳಿತಾಯ ಕರಗಿಹೋಗುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಕೇಳುವವರೂ ಇಲ್ಲ. ದುಬೈಯಲ್ಲಿ ಬೇರೆ ಬೇರೆ ಟಿಕೆಟ್ಟಿನಲ್ಲಿ ವಿಮಾನ ಬದಲಿಸುವವರು ನಿಮ್ಮ ಪಾಸ್‌ಪೋರ್ಟಿಗೆ ಅಲ್ಲಿ ವೀಸಾ ಬೇಕೇ ಎಂದು ಮೊದಲೇ ನೋಡಿಕೊಳ್ಳಿ.

ಬೆಂಗಳೂರಿನಿಂದ ಕಾರಿನಲ್ಲಿ ಹೋದರಾಯಿತು ಎನ್ನುವವರಿದ್ದಾರೆ. 350 ಕಿ.ಮೀ., ಏಳೆಂಟು ಗಂಟೆ, ನಡುವೆ ಶಿರಾಡಿ ಘಾಟಿ. ಮಳೆಗಾಲದಲ್ಲಿ ಅಲ್ಲಿ ಗುಡ್ಡ ಕುಸಿದರೆ ದಾರಿಯೇ ಬಂದ್. ನಿದ್ದೆಗೆಟ್ಟ ದೇಹಕ್ಕೆ, ವಯಸ್ಸಾದ ಅತ್ತೆ-ಮಾವ ಜೊತೆಗಿದ್ದರಂತೂ, ಈ ಸಾಹಸ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಜ್ಪೆಗೆ ದಿನದ ಕೊನೆಯ ವಿಮಾನವನ್ನೂ ಹಿಡಿಯಬೇಡಿ. ಮಳೆ, ಮೋಡಕ್ಕೆ ರನ್‌ವೇ ಕಾಣದೆ ವಿಮಾನ ಬೇರೆ ಊರಿಗೆ ಹೋಗಿ ಇಳಿಯುವುದುಂಟು. ಉಡುಪಿಯವರು ಬಜ್ಪೆಯಿಂದ ಮುಂದೆ ಇನ್ನೂ ಸುಮಾರು 60 ಕಿ.ಮೀ., ಒಂದೂವರೆ ಗಂಟೆ ಸೇರಿಸಿಕೊಳ್ಳಿ.

ವಾಪಸು ಬರುವಾಗ ಎದುರುಗಾಳಿ. ದುಬೈಯಿಂದ ಟೊರೊಂಟೊಗೆ ಬರಲು, ಹೋಗುವಾಗಿನದಕ್ಕಿಂತ ಒಂದು ಗಂಟೆಯಷ್ಟು ಹೆಚ್ಚು ಹಿಡಿಯುತ್ತದೆ.

ಇನ್ನು ಗಡಿಯಾರ. ಊರಿನ ಸಮಯ ಟೊರೊಂಟೊಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಮುಂದೆ. ಶುಕ್ರವಾರ ರಾತ್ರಿ ಹೊರಟವರು ಊರು ಮುಟ್ಟುವುದು ಭಾನುವಾರ. ಕರೆದೊಯ್ಯಲು ಬರುವ ಭಾವನಿಗೆ ಹೊರಡುವ ದಿನವನ್ನಲ್ಲ, ಬಜ್ಪೆಯಲ್ಲಿ ಇಳಿಯುವ ತಾರೀಕನ್ನೇ ಬರೆದು ಕಳಿಸಿ.