ಕನ್ನಡ ಮೀಡಿಯಂನಿಂದ ಪಿಯು ಸೈನ್ಸ್‌ಗೆ: ಆ ಎರಡು ತಿಂಗಳಲ್ಲಿ ಏನು ಮಾಡಿಸಬೇಕು?

ಪ್ರತಿ ಜೂನ್‌ನಲ್ಲೂ ಇದೇ ಕಥೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ತೊಂಬತ್ತರ ಮೇಲೆ ತೆಗೆದ ಮಕ್ಕಳು ನಮ್ಮ ಫಿಸಿಕ್ಸ್ ಕ್ಲಾಸಿನಲ್ಲಿ ಒಂದೇ ವಾರಕ್ಕೆ ಕೊನೇ ಬೆಂಚು ಸೇರಿರುತ್ತಾರೆ. ಹೋದ ವರ್ಷ ಅಂಥ ಒಬ್ಬಳನ್ನು ಎಬ್ಬಿಸಿ ‘ಅಕ್ಸೆಲರೇಷನ್ ಅಂದ್ರೇನಮ್ಮಾ?’ ಅಂದೆ. ತಲೆ ತಗ್ಗಿಸಿದಳು. ‘ಸರಿ, ವೇಗೋತ್ಕರ್ಷ?’ ಅಂದೆ. ‘ವೇಗ ಬದಲಾಗುವ ದರ ಸರ್’ ಅಂತ ಥಟ್ಟನೆ ಬಂತು.

ಪಾಠ ಬರುತ್ತಿತ್ತು, ಅದರ ಇನ್ನೊಂದು ಹೆಸರು ಬರುತ್ತಿರಲಿಲ್ಲ, ಅಷ್ಟೇ. ಪರೀಕ್ಷೆ ಮುಗಿದ ಮೇಲೆ ಕಾಲೇಜು ಶುರುವಾಗುವವರೆಗೆ ಸುಮಾರು ಎರಡು ತಿಂಗಳು ಸಿಗುತ್ತದೆ. ಸುಮ್ನೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಸುರಿಯಬೇಡಿ. ‘ಹೌ ಆರ್ ಯೂ’ ಕಲಿತವರಿಗೆ ಟಾರ್ಕ್ ಅರ್ಥವಾಗುವುದಿಲ್ಲ. ನನ್ನ ಲೆಕ್ಕದಲ್ಲಿ ಬೇಕಾಗಿರುವುದು ಮುನ್ನೂರು ಪದ.

ಮೊದಲು ಎರಡು ಪುಸ್ತಕ

ನಮ್ಮ ಒಂಬತ್ತು, ಹತ್ತನೇ ಕ್ಲಾಸಿನ ವಿಜ್ಞಾನ, ಗಣಿತ ಎರಡೂ ಎನ್‌ಸಿಇಆರ್‌ಟಿ (ಕೇಂದ್ರದ ಪಠ್ಯ ಸಂಸ್ಥೆ) ಪಠ್ಯವೇ. ಕನ್ನಡ ಪುಸ್ತಕದಲ್ಲಿರುವ ಚಿತ್ರ, ಲೆಕ್ಕ, ಉದಾಹರಣೆ ಇಂಗ್ಲಿಷ್ ಪುಸ್ತಕದಲ್ಲೂ ಅವೇ. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಇಂಗ್ಲಿಷ್ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಮಗು ಓದಿ ಮುಗಿಸಿದ ಪುಸ್ತಕದ ಪಕ್ಕದಲ್ಲೇ ಅದನ್ನು ತೆರೆದಿಡಿ. ಒಂಬತ್ತನೇ ಕ್ಲಾಸಿನ ‘ಚಲನೆ’ ಪಾಠದಿಂದಲೇ ಶುರು ಮಾಡಿಸಿ. ಪಿಯು ಫಿಸಿಕ್ಸ್‌ನಲ್ಲಿ ಅಳತೆ, ಮಾನ ಮುಗಿದ ಕೂಡಲೇ ಬರುವುದು ಅದೇ.

ಆಮೇಲೆ ಒಂದು ನೋಟ್‌ಬುಕ್

ಉದ್ದ ನೋಟ್‌ಬುಕ್‌ನಲ್ಲಿ ಪುಟಕ್ಕೆ ಮೂರು ಮನೆ ಗೆರೆ ಹಾಕಿಸಿ. ಮೊದಲನೆಯದಕ್ಕೆ ಕನ್ನಡ ಪದ. ಎರಡನೆಯದಕ್ಕೆ ಇಂಗ್ಲಿಷ್ ಸ್ಪೆಲಿಂಗ್, ಅದರ ಕೆಳಗೆ ಕನ್ನಡದಲ್ಲಿ ಉಚ್ಚಾರ. ಮೂರನೆಯದಕ್ಕೆ ಒಂದು ಉದಾಹರಣೆ. ದಿನಕ್ಕೆ ಹತ್ತು ಪದ ಸಾಕು, ಜಾಸ್ತಿ ಬೇಡ.

ಮೂರನೇ ಮನೆ ಯಾಕೆ ಅಂತೀರಾ? ಮಾತಿನಲ್ಲಿ ನಾವು ಸ್ಪೀಡನ್ನೇ ವೇಗ ಅನ್ನುತ್ತೇವೆ, ಅಲ್ವಾ? ಪಠ್ಯದಲ್ಲಿ ಸ್ಪೀಡ್ ಅಂದರೆ ಜವ, ವೆಲಾಸಿಟಿ ಅಂದರೆ ವೇಗ. ಬಸ್ಸು ‘ಗಂಟೆಗೆ 60 ಕಿ.ಮೀ.’ ಹೋಗುತ್ತಿದೆ ಅಂದರೆ ಜವ. ‘ಉತ್ತರಕ್ಕೆ ಗಂಟೆಗೆ 60 ಕಿ.ಮೀ.’ ಅಂದರೆ ವೇಗ. ಬರೀ ಪದ ಬಾಯಿಪಾಠ ಮಾಡಿದ ಮಗು ಇಲ್ಲಿ ಎಡವುತ್ತದೆ. ಇನ್ನು ಕೆಲವು ಇಂಗ್ಲಿಷ್ ಪದಗಳಿಗೆ ಎರಡೆರಡು ಮುಖ. ‘ಸೆಲ್’ ಜೀವಶಾಸ್ತ್ರದಲ್ಲಿ ಜೀವಕೋಶ, ವಿದ್ಯುತ್ ಪಾಠದಲ್ಲಿ ವಿದ್ಯುತ್ಕೋಶ. ‘ಪವರ್’ ಗಣಿತದಲ್ಲಿ ಘಾತ, ಫಿಸಿಕ್ಸ್‌ನಲ್ಲಿ ಸಾಮರ್ಥ್ಯ. ಇಂಥವನ್ನು ಕೆಂಪು ಪೆನ್ನಿನಲ್ಲಿ ಬರೆಸಿ.

ಹದಿನೈದು ದಿನ ಕಳೆದ ಮೇಲೆ ಉಕ್ತಲೇಖನ ಶುರು ಮಾಡಿ. ಕ್ಲಾಸಿನಲ್ಲಿ ನಾವು ಮಾತಾಡುತ್ತಲೇ ಬೋರ್ಡು ತುಂಬಿಸುತ್ತೇವೆ, ಕಿವಿ ಮತ್ತು ಕೈ ಒಟ್ಟಿಗೆ ಓಡಬೇಕು. ಮನೆಯಲ್ಲಿ ಇಂಗ್ಲಿಷ್ ಓದುವವರು ಇಲ್ಲವೇ? ಮಗು ತಾನೇ ಓದಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಮರುದಿನ ಅದನ್ನೇ ಕೇಳಿಕೊಂಡು ಬರೆಯಲಿ.

ಕಾಗದಪತ್ರ

ಟಿಸಿ, ಮಾರ್ಕ್ಸ್ ಕಾರ್ಡ್ ಎಲ್ಲರೂ ತರುತ್ತಾರೆ. ಮರೆಯುವುದು ಕನ್ನಡ ಮಾಧ್ಯಮ ಮತ್ತು ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರ. 1ರಿಂದ 10ನೇ ತರಗತಿವರೆಗೆ ಓದಿದ ಶಾಲೆಗಳಿಂದ ಇವನ್ನು ಪಡೆದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಹಾಕಿಸಬೇಕು. ಪಿಯು ಮುಗಿದ ಮೇಲೆ ಎಂಜಿನಿಯರಿಂಗ್‌ನಂಥ ಕೋರ್ಸುಗಳಿಗೆ ನಡೆಯುವ ಸಿಇಟಿ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಮಕ್ಕಳಿಗೆ 15%, ಕನ್ನಡ ಮಾಧ್ಯಮದವರಿಗೆ 5% ಮೀಸಲು. ಎರಡು ವರ್ಷ ಬಿಟ್ಟು ಬೇಕಾಗುವ ಕಾಗದ ನಿಜ. ಆದರೆ ಅಷ್ಟರಲ್ಲಿ ಗುರುತಿನ ಹೆಡ್‌ಮಾಸ್ಟರು ವರ್ಗವಾಗಿ ಹೋಗಿರುತ್ತಾರೆ.

ನಾಡಕಚೇರಿಯ ಜಾತಿ-ಆದಾಯ ಪತ್ರ ಮಗುವಿನ ಹೆಸರಿನಲ್ಲೇ ಇರಲಿ, ಹೆಸರು ಮಾರ್ಕ್ಸ್ ಕಾರ್ಡಿನಲ್ಲಿ ಇದ್ದಂತೆಯೇ ಇರಲಿ. ನನ್ನ ಅಣ್ಣನ ಮಗನದ್ದರಲ್ಲಿ ಇನಿಷಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ. ಅದನ್ನು ಸರಿಮಾಡಿಸಲು ಮೂರು ಸಲ ಅಲೆದೆವು. ಆಧಾರ್‌ಗೆ ಬ್ಯಾಂಕ್ ಖಾತೆ ಜೋಡಣೆಯಾಗಿದೆಯಾ ನೋಡಿಕೊಳ್ಳಿ, ಸ್ಕಾಲರ್‌ಶಿಪ್ ಹಣ ಬರುವುದು ಅಲ್ಲಿಗೇ.

ಅರ್ಜಿ ಬರೆಯುವಾಗ ಒಂದು ಮಾತು. ಪಿಸಿಎಂಬಿ, ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಜೊತೆ ಬಯಾಲಜಿಯೋ ಕಂಪ್ಯೂಟರ್ ಸೈನ್ಸೋ) ಗೊಂದಲ ಇದ್ದರೆ ಇಷ್ಟು ನೋಡಿ: ಡಾಕ್ಟರ್ ಆಗಬೇಕಾದರೆ ಬಯಾಲಜಿ ಬೇಕೇ ಬೇಕು. ಹಾಗಂತ ಪಕ್ಕದ ಮನೆಯವರ ಮಗ ತೆಗೆದುಕೊಂಡ ಅಂತ ಸೈನ್ಸೇ ತೆಗೆದುಕೊಳ್ಳಬೇಕಿಲ್ಲ.

ಕ್ಲಾಸು ಶುರುವಾದ ಮೇಲೆ

ಅದೇ ನೋಟ್‌ಬುಕ್ ಬ್ಯಾಗಿನಲ್ಲಿ ಇರಲಿ. ಹೊಸ ಪದ ಕಿವಿಗೆ ಬಿದ್ದರೆ ಕೇಳಿಸಿದ ಹಾಗೆ ಕನ್ನಡದಲ್ಲಿ ಗೀಚಿಕೊಂಡು, ಸ್ಪೆಲಿಂಗ್ ಆಮೇಲೆ ನಮ್ಮನ್ನೇ ಕೇಳಲಿ. ಸ್ಟಾಫ್ ರೂಮಿಗೆ ಬಂದರೆ ಯಾರೂ ಬೈಯುವುದಿಲ್ಲ. ಮೊದಲು ಹೇಳಿದೆನಲ್ಲ, ಆ ಹುಡುಗಿ ‘ಸೂಡೋ ಫೋರ್ಸ್’ (ಮಿಥ್ಯಾ ಬಲ) ಅಂತ ಬರೆದುಕೊಂಡು ಇಡೀ ಸಂಜೆ ಡಿಕ್ಷನರಿಯ ‘ಎಸ್’ ಪುಟಗಳಲ್ಲಿ ಹುಡುಕಿದ್ದಳಂತೆ. ‘ಪಿ’ಯಿಂದ ಶುರುವಾಗುತ್ತದೆ ಅಂದಾಗ ನನ್ನನ್ನು ನೋಡಿದ ನೋಟ, ಆ ಸ್ಪೆಲಿಂಗ್ ನಾನೇ ಇಟ್ಟೆ ಅನ್ನುವ ಹಾಗಿತ್ತು.