ಇಳಿಯುತ್ತಾ ನೋಡಿದ ಮಡಿಕೇರಿ: ನನ್ನ ಅನುಭವ

ಕಳೆದ ನವೆಂಬರಿನಲ್ಲಿ ನಾನು, ನನ್ನ ಪತ್ನಿ ಮತ್ತು ಎಪ್ಪತ್ತೆರಡು ದಾಟಿದ ನಮ್ಮ ಅತ್ತೆಯವರು ಮೈಸೂರಿನಿಂದ ಸಾರಿಗೆ ಬಸ್ಸಿನಲ್ಲಿ ಹೊರಟು, ಎರಡು ಹಗಲು ಒಂದು ರಾತ್ರಿಯಲ್ಲಿ ಮಡಿಕೇರಿಯನ್ನು ಮನಸ್ಸು ತುಂಬುವಂತೆ ನೋಡಿ ಬಂದೆವು. ಹೊರಡುವ ಮೊದಲು ಇದಕ್ಕೆ ಒಪ್ಪಿದವರು ಮನೆಯಲ್ಲಿ ಯಾರೂ ಇರಲಿಲ್ಲ. "ಭಾವ, ಕಾರಿಲ್ಲದೆ ಮಡಿಕೇರಿಯಲ್ಲಿ ಏನು ನೋಡುತ್ತೀರಿ? ಅಮ್ಮನ ಮಂಡಿಗೆ ಆ ಏರು ಆಗುತ್ತದೆಯೇ?" ಎಂದು ನನ್ನ ಭಾವಮೈದುನ ಎರಡು ಸಲ ಫೋನ್ ಮಾಡಿದ. ನನ್ನ ಹಿಂದಿನ ಮೂರು ಪ್ರವಾಸಗಳೂ ಕೆಟ್ಟದ್ದನ್ನು ಅವನು ಕಣ್ಣಾರೆ ಕಂಡವನಾದ್ದರಿಂದ ಆ ಸಂಶಯವನ್ನು ನಾನು ತಪ್ಪೆನ್ನಲಾರೆ.

ಮೊದಲನೆಯ ಸಲ ನಾವು ತಲುಪಿದ್ದು ವಿಜಯದಶಮಿಯ ಮರುದಿನ ಬೆಳಗ್ಗೆ. ದಶಮಂಟಪಗಳ ಮೆರವಣಿಗೆ ರಾತ್ರಿಯಿಡೀ ನಡೆದು ಬೆಳಗಿನ ಜಾವಕ್ಕೆ ಮುಗಿದಿದ್ದರಿಂದ ಊರಿಗೆ ಊರೇ ನಿದ್ದೆಯಲ್ಲಿತ್ತು. ಎಂಟು ನೂರಕ್ಕೆ ಸಿಗುತ್ತಿದ್ದ ಕೋಣೆಗೆ ಎರಡೂವರೆ ಸಾವಿರ ಕೇಳಿದರು, ಅದೂ ಮಧ್ಯಾಹ್ನ ಖಾಲಿಯಾದ ಮೇಲೆ. ಎರಡನೆಯ ಸಲ ಜನ ಕಡಿಮೆಯಿರುತ್ತಾರೆಂದು ಜುಲೈ ತಿಂಗಳನ್ನು ಆರಿಸಿಕೊಂಡೆ. ಜನ ನಿಜವಾಗಿಯೂ ಕಡಿಮೆಯಿದ್ದರು. ಆದರೆ ಎರಡು ದಿನವೂ ಹತ್ತು ಮಾರು ದೂರದ ಮರ ಕಾಣದಷ್ಟು ಮಂಜು ಕವಿದು, ರಾಜಾಸೀಟಿನಲ್ಲಿ ನಿಂತವರಿಗೆ ಕಂಡದ್ದು ಬಿಳಿಯ ಗೋಡೆಯೊಂದೇ. ಆ ಪ್ರವಾಸದ ಎರಡನೆಯ ದಿನ ಸೋಮವಾರವಾಗಿದ್ದರಿಂದ ಕೋಟೆಯೊಳಗಿನ ವಸ್ತುಸಂಗ್ರಹಾಲಯಕ್ಕೂ ವಾರದ ರಜೆಯಿತ್ತು. ಮೊದಲೇ ವಿಚಾರಿಸದೆ ಹೋದ ತಪ್ಪು ನನ್ನದೇ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ ಕೆಲವು ವರ್ಷ ಆ ಕಡೆ ಹೋಗಲು ಮನಸ್ಸೇ ಬರಲಿಲ್ಲ.

ಮೂರನೆಯದು ಹಣದ ದೃಷ್ಟಿಯಿಂದ ಎಲ್ಲಕ್ಕಿಂತ ನೋವು ಕೊಟ್ಟದ್ದು. ಎಲ್ಲರ ಮಾತು ಕೇಳಿ ಮೈಸೂರಿನಿಂದಲೇ ಟ್ಯಾಕ್ಸಿ ಮಾಡಿಕೊಂಡು ಹೋದೆವು. ಒಂದೇ ದಿನದಲ್ಲಿ ಒಂಬತ್ತು ಜಾಗ ತೋರಿಸುವ ಒಪ್ಪಂದವಾಗಿತ್ತು, ತೋರಿಸಿದ್ದೂ ನಿಜ. ಆದರೆ ಸಂಜೆ ಲೆಕ್ಕ ಹಾಕಿದಾಗ ಕಾರಿನೊಳಗೆ ಕುಳಿತದ್ದು ಸುಮಾರು ಏಳು ಗಂಟೆ, ನೆಲದ ಮೇಲೆ ನಿಂತು ನೋಡಿದ್ದು ಮೂರು ಗಂಟೆಗೂ ಕಡಿಮೆ. ಊಟ, ಕೋಣೆ ಎಲ್ಲ ಸೇರಿ ಒಂಬತ್ತೂವರೆ ಸಾವಿರ ಕೈಬಿಟ್ಟಿತ್ತು. ದುಬಾರೆಗೂ ತಲಕಾವೇರಿಗೂ ನಡುವೆ ಮಡಿಕೇರಿಯನ್ನು ನಾಲ್ಕು ಸಲ ಹಾದುಹೋದೆವು, ಒಂದು ಸಲವೂ ಇಳಿಯಲಿಲ್ಲ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಕೋಟೆ ಕಟ್ಟಿ ನೆಲೆಗೊಳಿಸಿದ ಊರು, 1956ರವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ ಅದರ ರಾಜಧಾನಿಯಾಗಿದ್ದ ಊರು, ನಮಗೆ ಊಟಕ್ಕೆ ನಿಲ್ಲುವ ತಾಣವೂ ಆಗಲಿಲ್ಲವೆಂಬ ಕೊರಗು ಆ ರಾತ್ರಿಯೆಲ್ಲ ನನ್ನನ್ನು ಕಾಡಿತು.

ಆ ಕೊರಗಿನಿಂದಲೇ ನಾಲ್ಕನೆಯ ಪ್ರವಾಸದ ಕ್ರಮ ಹುಟ್ಟಿತು. ಮಡಿಕೇರಿ ಇಳಿಜಾರಿನ ಮೇಲಿರುವ ಊರು. ಬಸ್ಸಿನಿಂದ ಇಳಿದ ಕೂಡಲೇ ನಡೆಯಲು ಹೊರಟವರು ಮೊದಲ ಏರಿನಲ್ಲೇ ಏದುಸಿರು ಬಿಡುತ್ತಾರೆ, ಆಮೇಲೆ ಟ್ಯಾಕ್ಸಿಯವರ ಮಾತಿಗೆ ಒಪ್ಪುತ್ತಾರೆ. ನಾನು ಮಾಡಿದ್ದು ಇಷ್ಟೆ: ಏರುವುದಕ್ಕೆಲ್ಲ ಆಟೋ, ಇಳಿಯುವುದಕ್ಕೆಲ್ಲ ಕಾಲು. ಇಡೀ ಪ್ರವಾಸದಲ್ಲಿ ಅತ್ತೆಯವರು ಹತ್ತಿದ್ದು ಕೆಲವು ಮೆಟ್ಟಿಲುಗಳನ್ನು ಮಾತ್ರ. ಇಳಿಯುವಾಗಲೂ ಮಂಡಿಗೆ ಪೆಟ್ಟು ಬೀಳುತ್ತದೆಂದು ಬಲ್ಲವರು ಹೇಳಬಹುದು. ಅದಕ್ಕಾಗಿ ಊರುಗೋಲು ಒಯ್ದಿದ್ದೆವು, ಹದಿನೈದು ನಿಮಿಷಕ್ಕೊಮ್ಮೆ ಕೂರಿಸಿದೆವು.

ನಾವು ಹೊರಟದ್ದು ಮಂಗಳವಾರ. ವಾರಾಂತ್ಯದಲ್ಲಿ ಮೂರು ಸಾವಿರ ಹೇಳುವ ಕೋಣೆಯನ್ನು, ಒಂದು ಹಾಸಿಗೆ ಹೆಚ್ಚಿಗೆ ಹಾಕಿಸಿಕೊಂಡೂ, ಸಾವಿರದ ಆರು ನೂರಕ್ಕೆ ಪಡೆದೆ. ಅದನ್ನು ಯಾವ ಹೊತ್ತಿಗೆ ಹೋಗಿ, ಹೇಗೆ ಕೇಳಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಹಾಗೆಯೇ ಕೇಳಲು ತೊಡಗಿದರೆ ಅದು ನಡೆಯದು. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ಮೇಲೆ ಮೂರು ಗಂಟೆ ಚಿಲ್ಲರೆ ಪ್ರಯಾಣ. ಕೆಂಪು ಬಸ್ಸನ್ನೇ ಆರಿಸಿದ್ದರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಬ್ಬರಿಗೂ ಟಿಕೆಟ್ಟಿನ ಹಣವಿರಲಿಲ್ಲ. ನನಗೆ ಹೋಗಿಬರುವುದಕ್ಕೆ ಮುನ್ನೂರ ನಲವತ್ತರ ಹತ್ತಿರ ಆಯಿತು.

ಮೊದಲ ಮಧ್ಯಾಹ್ನ ಊಟ ಮುಗಿಸಿ ಆಟೋದಲ್ಲಿ ಗದ್ದಿಗೆಗೆ ಏರಿದೆವು. ದೊಡ್ಡ ವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿ, ಲಿಂಗರಾಜೇಂದ್ರ, ರಾಜಗುರು ರುದ್ರಪ್ಪ ಇವರ ಸಮಾಧಿಗಳು ಅಲ್ಲಿವೆ. ಲಿಂಗಾಯತ ಅರಸರ ಸಮಾಧಿಗಳ ಮೇಲೆ ಗುಮ್ಮಟ, ಮೂಲೆಗಳಲ್ಲಿ ಮಿನಾರಿನಂಥ ಗೋಪುರಗಳು, ಅವುಗಳ ನಡುವೆ ನಂದಿಯ ಮೂರ್ತಿಗಳು! ಹತ್ತಿರದಲ್ಲೇ ಟಿಪ್ಪುವಿನ ಸೈನ್ಯದೊಡನೆ ಹೋರಾಡಿ ಮಡಿದ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳೂ ಇವೆ. ಟ್ಯಾಕ್ಸಿಯ ಪಟ್ಟಿಯಲ್ಲಿ ಈ ಜಾಗ ಇರಲೇ ಇಲ್ಲ. ಒಂದೂವರೆ ಗಂಟೆ ಹುಲ್ಲಿನ ಮೇಲೆ ಕುಳಿತಿದ್ದೆವು, ನಮ್ಮನ್ನು ಬಿಟ್ಟರೆ ನಾಲ್ಕೈದು ಜನ. ಅಲ್ಲಿಂದ ಮಹದೇವಪೇಟೆಯ ಬೀದಿಯನ್ನು ಅಂಗಡಿ ನೋಡುತ್ತಾ ಇಳಿದೆವು.

ಇಲ್ಲಿ ನನ್ನ ಒಂದು ಪ್ರಯೋಗದ ವಿಷಯ ಹೇಳಬೇಕು. ಮೂರು ಅಂಗಡಿಗಳಲ್ಲಿ ನೂರು ನೂರು ಗ್ರಾಂ ಕಾಫಿಪುಡಿ ಕೊಂಡೆ: ಒಂದು ಅಪ್ಪಟ ಅರೇಬಿಕಾ, ಒಂದು ರೋಬಸ್ಟಾ ಬೆರೆಸಿದ್ದು, ಒಂದು ಚಿಕೋರಿ ಸೇರಿದ್ದು. ಮನೆಗೆ ಬಂದು ಒಂದೇ ಫಿಲ್ಟರಿನಲ್ಲಿ, ಒಂದೇ ಹಾಲಿನಲ್ಲಿ ಮೂರು ದಿನ ಮಾಡಿ ನೋಡಿದೆವು. ಹಾಲಿಲ್ಲದೆ ಕುಡಿಯುವಾಗ ಅರೇಬಿಕಾ ಹಿತವಾಗಿತ್ತು. ಹಾಲು ಬೆರೆಸಿದಾಗ ಅದರ ಪರಿಮಳ ಅಡಗಿ, ರೋಬಸ್ಟಾ ಸೇರಿದ್ದೇ ಗೆದ್ದಿತು. ಈಗ ಅಂಚೆಯಲ್ಲಿ ತರಿಸುವಾಗ ನಾನು ಹೇಳುವ ಪ್ರಮಾಣ ನಮ್ಮ ಮನೆಯ ಗುಟ್ಟಾಗಿಯೇ ಇರಲಿ.

ಎರಡನೆಯ ದಿನವೇ ಮುಖ್ಯವಾದದ್ದು. ರಾಜಾಸೀಟಿಗೆ ಎಲ್ಲರೂ ಸೂರ್ಯಾಸ್ತಕ್ಕೆ ಹೋಗುತ್ತಾರೆ. ಜಾಗ ಪಶ್ಚಿಮಕ್ಕೆ ತೆರೆದಿರುವುದರಿಂದ ಅದು ಸಹಜ. ಆದರೆ ಆ ಹೊತ್ತಿನಲ್ಲಿ ಜನಜಂಗುಳಿಯ ನಡುವೆ ವಯಸ್ಸಾದವರನ್ನು ನಿಲ್ಲಿಸಿಕೊಂಡು ನೋಡುವುದು ಕಷ್ಟ. ನಾವು ಬೆಳಗ್ಗೆ ಆರೂಕಾಲಕ್ಕೆ ಆಟೋದಲ್ಲಿ ತಲುಪಿದೆವು. ಕಣಿವೆ ತುಂಬ ಹತ್ತಿಯಂತೆ ಹರಡಿದ್ದ ಮಂಜಿನ ನಡುವೆ ಬೆಟ್ಟಗಳ ತಲೆಗಳು ಮಾತ್ರ ಎದ್ದು ನಿಂತಿದ್ದವು; ಬೆನ್ನ ಹಿಂದಿನಿಂದ ಬಂದ ಬಿಸಿಲು ಅವನ್ನು ಒಂದೊಂದಾಗಿ ಮುಟ್ಟುತ್ತಾ ಹೋಯಿತು. ಅತ್ತೆಯವರು ಅರ್ಧ ಗಂಟೆ ಮಾತಾಡಲಿಲ್ಲ. ಜೇಬಿನಲ್ಲಿದ್ದ ಚಿಕ್ಕ ಥರ್ಮಾಮೀಟರಿನಲ್ಲಿ ಅಲ್ಲಿ ಹದಿನೈದು ಡಿಗ್ರಿಯಿತ್ತು. ಪತ್ನಿ ಮತ್ತು ಅತ್ತೆ ಅಲ್ಲಿಯೇ ಕುಳಿತಿದ್ದಾಗ ಅದೇ ಆಟೋದಲ್ಲಿ ನಾನೊಬ್ಬನೇ ತಗ್ಗಿನಲ್ಲಿರುವ ಓಂಕಾರೇಶ್ವರ ದೇವಸ್ಥಾನದ ಕೆರೆಯ ಬಳಿ ಹೋಗಿ ನೋಡಿದೆ: ಹದಿಮೂರು. ಎತ್ತರದಲ್ಲಿ ಚಳಿ ಹೆಚ್ಚೆಂಬ ನಮ್ಮ ಎಣಿಕೆ ಬೆಳಗಿನ ಹೊತ್ತಿನಲ್ಲಿ ತಲೆಕೆಳಗಾಗುತ್ತದೆ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ತಗ್ಗಿಗೆ ಇಳಿದು ನಿಲ್ಲುತ್ತದೆ, ಮಂಜು ಕೊನೆಯವರೆಗೂ ಉಳಿಯುವುದು ಅಲ್ಲಿಯೇ. ಇಳಿಜಾರಿನ ಕ್ರಮಕ್ಕೆ ಇದೂ ಒಂದು ಬಲ ಕೊಟ್ಟಿತು: ಮೊದಲು ಮೇಲೆ, ಬಿಸಿಲೇರಿದ ಮೇಲೆ ಕೆಳಗೆ.

ತಿಂಡಿಗೆ ಅಕ್ಕಿರೊಟ್ಟಿ, ನೂಲುಪುಟ್ಟು. ಬಳಿಕ ಕೋಟೆ. ಮುದ್ದುರಾಜನ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. 1790ರಲ್ಲಿ ಅದು ದೊಡ್ಡ ವೀರರಾಜೇಂದ್ರನ ಕೈಸೇರಿತು. 1812ರಿಂದ 1814ರವರೆಗೆ ಲಿಂಗರಾಜೇಂದ್ರ ಅರಮನೆಯನ್ನು ಹೊಸದಾಗಿ ಕಟ್ಟಿಸಿದ. ಅರಮನೆಯ ಗಡಿಯಾರ ಗೋಪುರ 1933ರದ್ದು. ಅಂಗಳದ ಮೂಲೆಯಲ್ಲಿರುವ, ಗಾರೆಯಲ್ಲಿ ಮಾಡಿದ ಆಳೆತ್ತರ ಮೀರಿದ ಎರಡು ಕಪ್ಪು ಆನೆಗಳ ಮುಂದೆ ಅತ್ತೆಯವರ ಫೋಟೊ ತೆಗೆದೆವು. ಹಳೆಯ ಸೇಂಟ್ ಮಾರ್ಕ್ಸ್ ಚರ್ಚಿನ ಕಟ್ಟಡದಲ್ಲಿರುವ ವಸ್ತುಸಂಗ್ರಹಾಲಯ ಈ ಸಲ ತೆರೆದಿತ್ತು. ಹಿಂದೆ ತಪ್ಪಿಸಿಕೊಂಡದ್ದನ್ನು ಸಮಾಧಾನದಿಂದ ನೋಡಿದೆ.

ಅಲ್ಲಿಂದ ಓಂಕಾರೇಶ್ವರಕ್ಕೆ ನಡೆದೇ ಇಳಿದೆವು. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಈ ದೇವಾಲಯಕ್ಕೂ ಗದ್ದಿಗೆಯಂತೆಯೇ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಹಿಂದಿನ ದಿನ ಗದ್ದಿಗೆ ನೋಡಿದ್ದರಿಂದಲೇ ಈ ಹೋಲಿಕೆ ಕಣ್ಣಿಗೆ ಬಿತ್ತು. ಪೂಜೆ ಮುಗಿಸಿ, ಕೆರೆಯ ನಡುವಿನ ಮಂಟಪವನ್ನೂ ನೀರಿನಲ್ಲಿ ಗುಂಪುಗೂಡುವ ಮೀನುಗಳನ್ನೂ ನೋಡುತ್ತಾ ಕುಳಿತಾಗ ಹನ್ನೊಂದೂವರೆ.

ಉಳಿದ ಹೊತ್ತಿನಲ್ಲಿ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್'. 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದ ಈ ಮನೆಗೆ ಒಂದೂವರೆ ಗಂಟೆಯಾದರೂ ಬೇಕು. ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿದ್ದಾಗಲೇ 1965ರಲ್ಲಿ ತೀರಿಕೊಂಡ ಆ ಮನುಷ್ಯ ಬಾಲ್ಯ ಕಳೆದ ಕೋಣೆಗಳಲ್ಲಿ ಓಡಾಡುವಾಗ ನನ್ನ ಗಂಟಲು ಕಟ್ಟಿತು.

ಅಬ್ಬಿ ಜಲಪಾತವನ್ನೂ ಮಾಂದಲಪಟ್ಟಿಯನ್ನೂ ಬೇಕೆಂದೇ ಬಿಟ್ಟೆವು. ಅಬ್ಬಿಗೆ ಎಂಟು ಕಿಲೋಮೀಟರು, ಅಲ್ಲಿ ಮೆಟ್ಟಿಲು ಇಳಿದವರು ಮತ್ತೆ ಏರಲೇಬೇಕು. ನನ್ನ ಕ್ರಮಕ್ಕೆ ಅದು ಹೊಂದುವುದಿಲ್ಲ.

ಖರ್ಚನ್ನು ನೆನಪಿನಿಂದ ಹೇಳುವುದಾದರೆ ಕೋಣೆ ಸಾವಿರದ ಆರು ನೂರು, ಬಸ್ಸು ಮುನ್ನೂರ ನಲವತ್ತು, ಊಟ ತಿಂಡಿ ಸಾವಿರದ ಮುನ್ನೂರು, ಆಟೋಗಳಿಗೆ ನಾನೂರರ ಹತ್ತಿರ, ಪ್ರವೇಶದ ಟಿಕೆಟ್ಟುಗಳಿಗೆ ನೂರರೊಳಗೆ. ಒಟ್ಟು ಮೂರು ಮುಕ್ಕಾಲು ಸಾವಿರ. ಕಾಫಿಪುಡಿ, ಜೇನು, ಏಲಕ್ಕಿಯ ಒಂಬೈನೂರನ್ನು ಇದರಲ್ಲಿ ಸೇರಿಸಿಲ್ಲ. ಸೂರ್ಯಾಸ್ತವನ್ನು ಮೊದಲ ದಿನ ಮಹದೇವಪೇಟೆಯಿಂದ ಹಿಂತಿರುಗುವಾಗ ಬೇರೊಂದು ತಿರುವಿನಿಂದ ನೋಡಿದೆವು. ಅಲ್ಲಿರುವುದು ಒಂದೇ ಕಲ್ಲುಬೆಂಚು, ಮೂವರಿಗೆ ಸರಿಯಾಗಿ ಸಾಕು. ಆ ತಿರುವು ಯಾವುದೆಂದು ಬರೆಯಲಾರೆ.

ಮರಳುವ ಬಸ್ಸು ಸುಂಟಿಕೊಪ್ಪ ದಾಟುವಾಗ ಭಾವಮೈದುನನ ಫೋನ್ ಬಂತು. ಅತ್ತೆಯವರೇ ತೆಗೆದುಕೊಂಡು, "ಮಂಡಿ ಚೆನ್ನಾಗಿದೆ ಕಣಪ್ಪ, ಬರುವ ವರ್ಷ ನೀನೂ ಬಸ್ಸಿನಲ್ಲೇ ಬಾ" ಎಂದರು.